ಕುಂಕುಮದ ಬೋಲ್ಟು

"ಬುದ್ಧೀ, ದೇವರೆಂದು ನಂಬಿ ಪೂಜಿಸಿದವರೇ ಮುಖ ತಿರುಗಿಸಿಕೊಂಡರೆ ಮನುಷ್ಯ ಏನು ಮಾಡಬೇಕು?"

ಹೀಗೆ ಕೇಳಿದವನು ಚನ್ನವೀರ. ಕೇಳಿಸಿಕೊಂಡವರು ಗುಡ್ಡದ ಮಠದ ಕರಿಬಸಯ್ಯನವರು. ಗುರುಗಳು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುಲಿಯುವ ಕೈ ನಿಲ್ಲಿಸಲಿಲ್ಲ.

"ಯಾರಪ್ಪಾ ನಿನ್ನ ದೇವರು?" ಎಂದರು.

"ನಮ್ಮಣ್ಣ, ಬುದ್ಧಿ. ಅಪ್ಪ ತೀರಿಕೊಂಡಾಗ ನನಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಣ್ಣ ಓದು ಬಿಟ್ಟು ನನ್ನನ್ನು ಸಾಕಿದರು. ಆ ಋಣ ನಾನು ಮರೆತವನಲ್ಲ. ಪ್ರತಿ ಸೋಮವಾರ ಅವರ ಮನೆಗೆ ಹೋಗಿ ಕಾಲಿಗೆ ಬೀಳುತ್ತೇನೆ. ಹಣ್ಣು ಇಟ್ಟು, ಕಣ್ಣು ಮುಚ್ಚಿ, ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಅವರೆದುರು ಇವತ್ತಿನವರೆಗೆ ಕುರ್ಚಿಯ ಮೇಲೆ ಕೂತಿಲ್ಲ. ಒಂದು ಮಾತು ಎದುರಾಡಿಲ್ಲ. ಆದರೆ ಈಗ ಕೆಲವು ತಿಂಗಳಿಂದ ಅಣ್ಣ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾನು ಹೋದರೆ ಕೂತಲ್ಲಿಂದ ಏಳುವುದಿಲ್ಲ. ಮಠಕ್ಕೆ ಬರುವುದನ್ನೂ ನಿಲ್ಲಿಸಿದರು, ನೀವೇ ನೋಡಿದ್ದೀರಿ. ಕಾಲಿಗೆ ಬೀಳಲು ಬಗ್ಗಿದರೆ ಪಾದವನ್ನು ಪಂಚೆಯೊಳಗೆ ಎಳೆದುಕೊಳ್ಳುತ್ತಾರೆ, ಬುದ್ಧಿ! ನನ್ನ ಕೈ ಸೋಕಿದರೆ ಮೈಲಿಗೆ ಎಂಬ ಹಾಗೆ! ಹೋದ ಸೋಮವಾರ ನಾನು ಅಲ್ಲೇ ಅತ್ತುಬಿಟ್ಟೆ. ಆಗಲೂ ಅವರು ಗೋಡೆ ನೋಡುತ್ತಾ ಕೂತಿದ್ದರು."

ಚನ್ನವೀರ ಕಣ್ಣು ಒರೆಸಿಕೊಂಡ.

"ನನಗೂ ಮಾನ ಅನ್ನುವುದು ಇದೆ. ಇನ್ನು ಮೇಲೆ ಅವರ ಹೊಸ್ತಿಲು ತುಳಿಯುವುದಿಲ್ಲ ಎಂದು ಗದ್ದುಗೆಯ ಮುಂದೆ ಆಣೆ ಮಾಡಿಬಿಡುತ್ತೇನೆ. ಅದಕ್ಕೆ ನಿಮ್ಮ ಅಪ್ಪಣೆ ಬೇಕು."

ಗುರುಗಳು ಒಂದು ಹಿಡಿ ಅವರೆಕಾಯಿ ತೆಗೆದು ಅವನ ಮುಂದೆ ಹಾಕಿದರು.

"ಅಪ್ಪಣೆಗೆ ಅವಸರ ಇಲ್ಲ. ಮೊದಲು ಒಂದು ಕತೆ ಕೇಳು. ಸುಮ್ಮನೆ ಕೂರಬೇಡ, ಸುಲಿಯುತ್ತಾ ಕೇಳು. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸುತ್ತೇನೆ."

ಹೀಗೆಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥ ಇದ್ದ. ಅವನ ಹತ್ತಿರ ಒಂದು ಹಳೆಯ ಕಾರಿತ್ತು. ಕಾರು ಅಂದರೆ ಅವನಿಗೆ ಪ್ರಾಣ. ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗುವವನಲ್ಲ. ನಮ್ಮ ಕಾರಿಗೆ ಇನ್ನೊಬ್ಬರ ಕೈ ಸೋಕಬಾರದು ಎಂಬ ಹಟ. ಬೋಲ್ಟು ತಿರುಗಿಸುವ ಪಾನಾ, ಕಾರು ಎತ್ತುವ ಜಾಕು, ಸುತ್ತಿಗೆ ಎಲ್ಲ ಮನೆಯಲ್ಲೇ ಇಟ್ಟುಕೊಂಡಿದ್ದ. ಎಣ್ಣೆ ಬದಲಿಸುವುದು, ಬ್ರೇಕಿನ ಪಟ್ಟಿ ನೋಡುವುದು, ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಕೆಲಸ ಬಾರದವನೇನೂ ಅಲ್ಲ, ಚೆನ್ನಾಗಿಯೇ ಬರುತ್ತಿತ್ತು. ಅದನ್ನು ನೆನಪಿಟ್ಟುಕೋ.

ಆ ಕಾರು ಮನೆಗೆ ಬಂದ ದಿನ ಅವನ ತಾಯಿ ಇನ್ನೂ ಬದುಕಿದ್ದಳು. ಆಕೆಯೇ ಆರತಿ ಎತ್ತಿದಳು. ಮುಂದಿನ ಬಲಗಡೆಯ ಚಕ್ರದ ಹತ್ತಿರ ಬಗ್ಗಿ, ಅದರ ಒಂದು ಬೋಲ್ಟಿನ ಮೇಲೆ ಹೆಬ್ಬೆರಳಿನಿಂದ ಕುಂಕುಮ ಇಟ್ಟಳು. ಆಮೇಲೆ ಅದೇ ಚಕ್ರದ ಮುಂದೆ ಕಾಯಿ ಒಡೆದಳು. ಕಾಯಿ ಸಮನಾಗಿ ಎರಡು ಹೋಳಾಯಿತು. ಒಳಗೆ ನೋಡಿದರೆ ಹೂವು! ಕಾಯಿಯಲ್ಲಿ ಹೂವು ಬಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಬೀದಿಯವರೆಲ್ಲ ಬಂದು ನೋಡಿ ಹೋದರು. ತಾಯಿ ಆ ಚಕ್ರಕ್ಕೆ ಕೈಮುಗಿದಳು. "ಮಗಾ, ಇದು ದೇವರ ಚಕ್ರ. ನಿನ್ನನ್ನು ಕಾಯುತ್ತದೆ" ಎಂದಳು.

ಅವತ್ತಿನಿಂದ ಅದು ದೇವರ ಚಕ್ರವಾಯಿತು. ಉಳಿದ ಮೂರು ದುಡಿಯುವ ಚಕ್ರಗಳಾದವು.

ಪೂಜೆಯನ್ನು ಅವನು ಒಂದು ಸೋಮವಾರವೂ ತಪ್ಪಿಸಲಿಲ್ಲ. ನೀನೂ ಸೋಮವಾರದವನೇ, ಗೊತ್ತಾಗುತ್ತದೆ ನಿನಗೆ. ಬೆಳಿಗ್ಗೆ ಎದ್ದು ದೇವರ ಚಕ್ರಕ್ಕೆ ನೀರು ಹಾಕುವನು. ಕಾಯಿ ಒಡೆದು ಅದರ ನೀರನ್ನು ಚಕ್ರದ ನೆತ್ತಿಯಿಂದ ಬಿಡುವನು. ನಿಂಬೆಹಣ್ಣು ಹಿಂಡುವನು. ವಿಭೂತಿ ಬಳಿಯುವನು. ಕೊನೆಗೆ ತಾಯಿ ಕುಂಕುಮ ಇಟ್ಟ ಬೋಲ್ಟಿಗೆ ತಾನೂ ಕುಂಕುಮ ಇಡುವನು. ಅದರ ತಲೆಯ ಮೇಲೆ ಒಂದು ಗೀರು ಇತ್ತು. ಗುರುತು ತಪ್ಪುವ ಹಾಗೇ ಇರಲಿಲ್ಲ. ತಾಯಿ ತೀರಿಕೊಂಡ ಮೇಲಂತೂ ಕುಂಕುಮ ಇನ್ನಷ್ಟು ದಪ್ಪವಾಯಿತು. ಅದನ್ನು ಇಡುವಾಗ ಅವನಿಗೆ ತಾಯಿಯ ಹೆಬ್ಬೆರಳೇ ಕಂಡ ಹಾಗಾಗುತ್ತಿತ್ತು. ಭಕ್ತಿಯಲ್ಲಿ ಕಪಟ ಇರಲಿಲ್ಲ. ಅದನ್ನೂ ನೆನಪಿಟ್ಟುಕೋ.

ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಅವನು ಚಕ್ರಗಳನ್ನು ಬಿಚ್ಚುವನು. ಒಳಗಿನ ಬ್ರೇಕು ನೋಡಿ, ದೂಳು ಒರೆಸಿ, ಬೋಲ್ಟುಗಳಿಗೆ ಎಣ್ಣೆ ಸವರಿ, ಮತ್ತೆ ಬಿಗಿಯುವನು. ಯಾವ ಚಕ್ರಗಳನ್ನು? ಮೂರನ್ನು. ದೇವರ ಚಕ್ರದ ಹತ್ತಿರ ಬಂದಾಗ ಪಾನಾ ಕೆಳಗಿಡುವನು. ತಾಯಿ ಕುಂಕುಮ ಇಟ್ಟ ಜಾಗಕ್ಕೆ ಕಬ್ಬಿಣ ಹಾಕಿ ತಿರುಚುವುದು ಹೇಗೆ? ಕೈಮುಗಿದು ಎದ್ದುಬಿಡುವನು. ಅದಕ್ಕೆ ಸರಿಯಾಗಿ ಆ ಚಕ್ರ ಒಂದು ಸಲವೂ ಪಂಕ್ಚರ್ ಆಗಲಿಲ್ಲ. ನೋಡಿದೆಯಾ, ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಅವನು ಹೆಂಡತಿಯ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದ.

ಹೀಗೇ ವರ್ಷಗಳು ಹೋದವು. ಅವನಿಗೊಬ್ಬಳು ಮಗಳಿದ್ದಳು. ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು ಹುಟ್ಟಿತು. ಬಾಣಂತನ ಮುಗಿಯಿತು. ಇನ್ನು ಮಗಳನ್ನೂ ಮಗುವನ್ನೂ ಅಳಿಯನ ಮನೆಗೆ ಕಳಿಸಬೇಕು. ಅಳಿಯನ ಊರು ಘಾಟಿಯ ಕೆಳಗಿತ್ತು. ನಾಳೆ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ಮೊಮ್ಮಗ ಮೊದಲ ಸಲ ಊರು ದಾಟುವುದು ತನ್ನ ಕಾರಿನಲ್ಲೇ ಆಗಬೇಕೆಂದು ಗೃಹಸ್ಥ ತಿಂಗಳಿಂದ ಕುಣಿಯುತ್ತಿದ್ದ.

ಘಾಟಿ ಇಳಿಯಬೇಕು, ಒಳಗೆ ಎಳೆಯ ಕೂಸು. ಬ್ರೇಕು ಒಮ್ಮೆ ನೋಡಿಬಿಡುವುದು ಒಳ್ಳೆಯದೆಂದು ಅವನಿಗೆ ಅನ್ನಿಸಿತು. ತಿಂಡಿ ತಿಂದವನೇ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕೂತ. ಹಿಂದಿನ ಎರಡು ಚಕ್ರ ಬಿಚ್ಚಿದ. ಬೋಲ್ಟುಗಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಬ್ರೇಕು ಚೆನ್ನಾಗಿತ್ತು. ಮುಂದಿನ ಎಡಗಡೆಯದು ಬಿಚ್ಚಿದ. ಅದೂ ಚೆನ್ನಾಗಿತ್ತು. ಮೂರನ್ನೂ ಬಿಗಿದು, ದೇವರ ಚಕ್ರದ ಮುಂದೆ ಬಂದು ಕೈಮುಗಿದು, ಪಾನಾಗಳನ್ನು ಚೀಲಕ್ಕೆ ತುಂಬತೊಡಗಿದ.

ಹೆಂಡತಿ ಅಂಗಳದ ಹಗ್ಗದ ಮೇಲೆ ಕೂಸಿನ ಬಟ್ಟೆ ಒಣಗಿಸುತ್ತಿದ್ದಳು. ಒಂದು ಕಣ್ಣು ಇವನ ಮೇಲೇ ಇತ್ತು.

"ರೀ, ಇನ್ನೊಂದು ಚಕ್ರ?"

"ಅದನ್ನು ದೇವರು ನೋಡಿಕೊಳ್ಳುತ್ತಾನೆ."

"ಹಾಗಾದರೆ ಉಳಿದ ಮೂರನ್ನೂ ಅವನಿಗೇ ಬಿಡಬಹುದಿತ್ತಲ್ಲ, ಬೆಳಗಿನಿಂದ ಯಾಕೆ ಬೆನ್ನು ಮುರಿದುಕೊಂಡಿರಿ?"

ಗೃಹಸ್ಥನಿಗೆ ಮೈ ಉರಿಯಿತು. ಹೆಂಡತಿ ಸರಿಯಾದ ಮಾತು ಆಡಿದಾಗ ಗಂಡಂದಿರಿಗೆ ಬರುವ ಉರಿ ಅದು. ನಿನಗೂ ಮದುವೆಯಾಗಿದೆ, ಬಿಡಿಸಿ ಹೇಳಬೇಕಾಗಿಲ್ಲ.

"ಅಮ್ಮ ಕುಂಕುಮ ಇಟ್ಟ ಚಕ್ರ ಅದು" ಎಂದ.

"ಕುಂಕುಮಕ್ಕೆ ನಾನೇನೂ ಅನ್ನಲಿಲ್ಲ. ಅದರ ಹಿಂದೆ ಏನಿದೆ ಅಂತ ನೋಡಿ ಅಂದೆ. ಹೋದ ಸಂಕ್ರಾಂತಿಯಿಂದ ಆ ಕಡೆಯಿಂದ ಕಿರ್ ಅನ್ನುವ ಸದ್ದು ಬರುತ್ತಿದೆ. ನಾನು ಹೇಳಿದಾಗೆಲ್ಲ ದೂಳು ಅಂದಿರಿ. ನೋಡದಿದ್ದರೆ ಬೇಡ. ನಾನೂ ಮಗಳೂ ಕೂಸನ್ನೆತ್ತಿಕೊಂಡು ಬಸ್ಸಿಗೆ ಹೋಗುತ್ತೇವೆ. ನೀವು ನಿಮ್ಮ ದೇವರ ಜೊತೆ ಹಿಂದೆ ಬನ್ನಿ."

ಬಸ್ಸು! ಆ ಮಾತು ಅವನ ಎದೆಗೇ ನಾಟಿತು. ತನ್ನ ಕಾರು ಅಂಗಳದಲ್ಲಿ ನಿಂತಿರುವಾಗ ಮೊಮ್ಮಗ ಬಸ್ಸಿನಲ್ಲಿ ಹೋಗುವುದೇ? ಅವನು ಪಾನಾವನ್ನು ಚೀಲದಿಂದ ಹೊರಗೆ ಎಳೆದ. "ಆಯಿತಮ್ಮಾ, ನೋಡೇ ಬಿಡೋಣ. ಏನೂ ಇಲ್ಲದಿದ್ದರೆ ದೇವರಿಗೆ ನೀನೇ ತಪ್ಪುಕಾಣಿಕೆ ಹಾಕಬೇಕು" ಎಂದ.

ದೇವರ ಚಕ್ರಕ್ಕೆ ನಾಲ್ಕು ಬೋಲ್ಟು. ಮೂರು ಬೋಲ್ಟುಗಳು ನರಳುತ್ತಾ ನರಳುತ್ತಾ ಬಂದವು. ಅದಕ್ಕೇ ಅವನ ಅಂಗಿ ಬೆವರಿನಿಂದ ಒದ್ದೆಯಾಯಿತು. ನಾಲ್ಕನೆಯದು ತಾಯಿಯ ಬೋಲ್ಟು. ಅದಕ್ಕೆ ಪಾನಾ ಹಾಕಿ ತಿರುಗಿಸಿದ. ಜಪ್ಪಯ್ಯ ಅನ್ನಲಿಲ್ಲ. ಎರಡು ಕೈ ಹಾಕಿದ. ಇಲ್ಲ. ಪಾನಾದ ಮೇಲೆ ಕಾಲಿಟ್ಟು ನಿಂತ. ಕಾರು ಅಲುಗಿತೇ ಹೊರತು ಬೋಲ್ಟು ಅಲುಗಲಿಲ್ಲ.

ಗೃಹಸ್ಥ ಹಿತ್ತಲಿಗೆ ಹೋಗಿ ಉದ್ದನೆಯ ಕಬ್ಬಿಣದ ಪೈಪು ತಂದ. ಅದನ್ನು ಪಾನಾದ ಹಿಡಿಗೆ ಸಿಕ್ಕಿಸಿದ. ತುದಿ ಹಿಡಿದು ಜೋತುಬಿದ್ದ. ಟಕ್ ಎಂದು ಸದ್ದಾಯಿತು. ಬಂತು ಅಂದುಕೊಂಡ. ಬೋಲ್ಟು ಬಂದಿರಲಿಲ್ಲ, ಪಾನಾ ಜಾರಿತ್ತು. ಬೋಲ್ಟಿನ ತಲೆಯ ಒಂದು ಮೂಲೆ ಸವೆದು ಹೋಗಿತ್ತು. ಅವನ ಕೈಗೆಣ್ಣು ನೆಲಕ್ಕೆ ಉಜ್ಜಿ ಚರ್ಮ ಕಿತ್ತು ಬಂದಿತ್ತು. ರಕ್ತ ಕುಂಕುಮದ ಮೇಲೆ ತೊಟ್ಟಿಕ್ಕಿತು.

ಅದನ್ನು ನೋಡಿ ಅವನು ಹಿಂದಕ್ಕೆ ಸರಿದ. "ಇವಳೇ, ದೇವರು ಬೇಡ ಅನ್ನುತ್ತಿದ್ದಾನೆ ಕಣೇ" ಎಂದ. ದನಿಯಲ್ಲಿ ಜಗಳ ಇರಲಿಲ್ಲ, ಭಯ ಇತ್ತು.

ಹೆಂಡತಿ ಅರಿಸಿನ ತಂದು ಗಾಯಕ್ಕೆ ಒತ್ತಿದಳು. ಅವಳೂ ಹೆದರಿದ್ದಳು. ಆದರೂ ಪಟ್ಟು ಬಿಡಲಿಲ್ಲ. "ಅತ್ತೆ ಇದ್ದಿದ್ದರೆ ಚಕ್ರ ನೋಡದೆ ಮರಿಮಗನನ್ನು ಕಾರಿನಲ್ಲಿ ಕೂರಿಸು ಅನ್ನುತ್ತಿದ್ದರಾ?" ಎಂದು ಕೇಳಿದಳು.

ಗೃಹಸ್ಥ ಬೋಲ್ಟನ್ನೇ ನೋಡುತ್ತಾ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಪೈಪು ಬಿಸಾಡಿದ. ನಾನು ಆಗಲೇ ಹೇಳಿದೆನಲ್ಲ, ಅವನು ಕೆಲಸ ಬಲ್ಲವನು. ಬಲ ಹಾಕಿ ಮುರಿದರೆ ಬೋಲ್ಟಿನ ತುಂಡು ಒಳಗೇ ಉಳಿಯುತ್ತದೆ, ಆಗ ನಾಳೆ ಹೊರಡುವ ಮಾತೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೇರೆ ಯಾವ ಬೋಲ್ಟಾಗಿದ್ದರೂ ಮೊದಲೇ ನೆನಪಾಗುತ್ತಿತ್ತು.

ಮೊದಲು ಕುಂಕುಮ ತೆಗೆಯಬೇಕು. ಅದಿದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಅವನು ಒಂದು ಮೊಳೆ ತೆಗೆದುಕೊಂಡು, ಬಾಯಲ್ಲಿ ಅಮ್ಮಾ ತಪ್ಪಾಯಿತು ಅನ್ನುತ್ತಾ ಕೆರೆಯತೊಡಗಿದ. ಕೆಂಪು ಉದುರಿತು. ಅದರಡಿ ವಿಭೂತಿಯ ಬಿಳಿ. ಅದರಡಿ ಮತ್ತೆ ಕೆಂಪು. ಗೋಡೆಯ ಗಾರೆ ಏಳುವ ಹಾಗೆ ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಎದ್ದಿತು. ಎಷ್ಟು ಕೆರೆದರೂ ಕಬ್ಬಿಣ ಕಾಣಲಿಲ್ಲ. ಕೊನೆಗೆ ಕಂಡಿದ್ದು ಬೋಲ್ಟಿನ ಅರ್ಧ ಕೊರೆದು ಹೋದ ಕತ್ತು. ಇಷ್ಟು ದಿನ ತಾನು ಕುಂಕುಮ ಇಟ್ಟಿದ್ದು ಇದಕ್ಕೇನಾ ಎಂದು ಬಗ್ಗಿ ಬಗ್ಗಿ ನೋಡಿದ.

ಸೀಮೆಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹನಿ ಹನಿಯಾಗಿ ಬೋಲ್ಟಿನ ಬುಡಕ್ಕೆ ಬಿಟ್ಟ. ಊಟಕ್ಕೆ ಕರೆದರು, ಹೋಗಲಿಲ್ಲ. ಎಣ್ಣೆ ಇಳಿದ ಹಾಗೆ ಮತ್ತೆ ಬಿಟ್ಟ. ಸುತ್ತಿಗೆಯಿಂದ ಬೋಲ್ಟಿನ ನೆತ್ತಿಗೆ ಮೆಲ್ಲಗೆ ತಟ್ಟಿದ. ಒಳಗಿನ ಹಿಡಿತ ಸಡಿಲಾಗಲೆಂದು ಮತ್ತೆ ಮತ್ತೆ ತಟ್ಟಿದ. ಬಿಸಿಲು ಇಳಿಯಿತು. ಸವೆದ ಮೂಲೆಗೆ ತಗಡಿನ ಚೂರು ಒತ್ತಿ, ಪಾನಾವನ್ನು ಬಡಿದು ಗಟ್ಟಿಯಾಗಿ ಕೂರಿಸಿದ. ಮೊದಲು ಬಿಗಿಯುವ ಕಡೆಗೇ ಒಂದಿಷ್ಟು ಒತ್ತಿದ. ಕಚ್ಚಿಕೊಂಡ ಬೋಲ್ಟನ್ನು ಹಾಗೇ ಬಿಡಿಸಬೇಕು, ಮೊದಲು ಅದು ಹೇಳಿದ ಕಡೆಗೆ ಒಂದು ಕೂದಲೆಳೆ ಹೋಗಿ, ಆಮೇಲೆ ನಮ್ಮ ಕಡೆಗೆ ಎಳೆಯಬೇಕು. ಹಾಗೆ ಎಳೆದಾಗ ಬೋಲ್ಟು ಕಿರುಚಿತು. ಒಳಗೆ ಮಲಗಿದ್ದ ಕೂಸು ಎಚ್ಚರಾಗಿ ಅತ್ತಿತು. ಬೋಲ್ಟು ಅಲುಗಿತ್ತು.

ಕಾರನ್ನು ಜಾಕಿನ ಮೇಲೆ ಎತ್ತಿ, ಆ ಬೋಲ್ಟನ್ನು ಪೂರಾ ತಿರುಗಿಸಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಅಂಗೈ ತುಂಬ ಕೆಂಪು ಪುಡಿ. ಅಭ್ಯಾಸಬಲ ನೋಡು, ಅವನ ಬೆರಳು ಆ ಪುಡಿಯನ್ನು ಅದ್ದಿಕೊಂಡು ಹಣೆಯ ಕಡೆಗೆ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಬೆರಳ ತುದಿಯಲ್ಲಿ ಇರುವುದು ಕುಂಕುಮವೋ ತುಕ್ಕೋ ಅವನಿಗೆ ಗೊತ್ತಾಗಲಿಲ್ಲ. ಮೂಸಿದ. ಆಗಲೂ ಗೊತ್ತಾಗಲಿಲ್ಲ. ನೀರು, ಕಾಯಿನೀರು, ನಿಂಬೆಯ ಹುಳಿ. ತಾನೇ ಸೋಮವಾರ ಸೋಮವಾರ ಕೈಯಾರೆ ಎರೆದು ಇದನ್ನು ತಿನ್ನಿಸಿದ್ದೇನೆ ಎಂದು ಅವನಿಗೆ ಹೊಳೆಯಿತು. ಬೆರಳನ್ನು ಪಂಚೆಗೆ ಒರೆಸಿಕೊಂಡ.

ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡೆಯಾ? ಸುಲಿ, ಸುಲಿ. ಚಕ್ರ ಇನ್ನೂ ತೆಗೆದಿಲ್ಲ.

ಗೃಹಸ್ಥ ಚಕ್ರ ಎಳೆದ. ಅದೂ ಕಚ್ಚಿಕೊಂಡಿತ್ತು. ಹಿಂದಿನಿಂದ ಒದ್ದು ಒದ್ದು ತೆಗೆದ. ಒಳಗೆ ನೋಡಿದ. ಬ್ರೇಕಿನ ಪಟ್ಟಿ ಇರಬೇಕಾದ ಕಡೆ ಪಟ್ಟಿಯೇ ಇರಲಿಲ್ಲ. ಸವೆದು ಮುಗಿದು, ಬರಿಯ ತಗಡು ತಗಡಿಗೆ ಉಜ್ಜುತ್ತಿತ್ತು. ಹೆಂಡತಿ ಹೇಳಿದ್ದ ಕಿರ್ ಅನ್ನುವ ಸದ್ದು ಅದೇ. ಬ್ರೇಕಿನ ಎಣ್ಣೆ ಹರಿದು ಬರುವ ರಬ್ಬರ್ ಪೈಪು ಒಂದಿತ್ತು, ಅದು ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಅದು ಮೈತುಂಬ ಸೀಳು ಬಿಟ್ಟಿತ್ತು.

"ಇವಳೇ, ಇಲ್ಲಿ ಬಾ. ಒಳಗೆ ಕೂತು ಬ್ರೇಕು ತುಳಿ" ಎಂದು ಕರೆದ.

ಹೆಂಡತಿ ಬಂದು ಕೂತಳು. ಮಗಳೂ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದು ನಿಂತಳು. ಗೃಹಸ್ಥ ಆ ಪೈಪಿನ ಹತ್ತಿರ ಮುಖ ಒಡ್ಡಿ ನೋಡುತ್ತಿದ್ದ.

"ತುಳಿಯಲಾ?"

"ತುಳಿ."

ಅವಳು ತುಳಿದಳು. ಪೈಪು ಒಂದು ಕಡೆ ಉಬ್ಬಿತು. ಇನ್ನೂ ಉಬ್ಬಿತು. ಅವನು ಸಾಕು ಅನ್ನುವಷ್ಟರಲ್ಲಿ ಪಟ್ ಎಂದು ಒಡೆಯಿತು. ಎಣ್ಣೆ ಅವನ ಎದೆಗೆ, ಕುತ್ತಿಗೆಗೆ ಚಿಮ್ಮಿತು.

"ಅಯ್ಯೋ! ರೀ! ಕಾಲು ಒಳಗೇ ಹೋಯಿತು! ತಡೆಯೇ ಇಲ್ಲ ರೀ!" ಹೆಂಡತಿ ಕೂಗಿದಳು.

ಕಾರು ಅಂಗಳದಲ್ಲೇ ಇತ್ತು. ಜಾಕಿನ ಮೇಲೆ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದ ಕಾರು. ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಆದರೂ ಅವಳು ಸ್ಟೇರಿಂಗನ್ನು ಎರಡೂ ಕೈಯಿಂದ ಅವಚಿಕೊಂಡಿದ್ದಳು.

ಗೃಹಸ್ಥ ಏಳಲಿಲ್ಲ. ಎಣ್ಣೆ ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅವನ ಕಣ್ಣಿಗೆ ಘಾಟಿ ಕಂಡಿತು. ಎರಡನೆಯ ತಿರುವು ಕಂಡಿತು. ಹಿಂದಿನ ಸೀಟಿನಲ್ಲಿ ಮಗಳು, ಅವಳ ಮಡಿಲಲ್ಲಿ ಕೂಸು. ಇವನ ಕಾಲು ಬ್ರೇಕಿನ ಮೇಲೆ, ಬ್ರೇಕು ನೆಲದ ಮೇಲೆ. ನಾಳೆ ಇಷ್ಟು ಹೊತ್ತಿಗೆ ಯಾರು ಇರುತ್ತಿದ್ದರು, ಯಾರು ಇರುತ್ತಿರಲಿಲ್ಲ? ಬೆಳಿಗ್ಗೆ ಚೀಲಕ್ಕೆ ಪಾನಾ ತುಂಬಿದ್ದನಲ್ಲ, ಅದು ನೆನಪಾಯಿತು.

"ಅಪ್ಪಾ, ಏನಾಯಿತು?" ಎಂದು ಮಗಳು ಹೊಸ್ತಿಲಿನಿಂದ ಕೇಳಿದಳು.

ಅವನು ಕೂಸನ್ನು ನೋಡಿದ. ಕೂಸು ಅಳು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು. ಹೆಂಡತಿ ಕಾರಿನಿಂದ ಇಳಿದು ಬಂದು ಪಕ್ಕದಲ್ಲಿ ಕೂತಾಗ ಸಣ್ಣ ದನಿಯಲ್ಲಿ, "ಹೂವು ಬಂದಿತ್ತು ಕಣೇ. ಅವತ್ತು ಕಾಯಿಯಲ್ಲಿ ಹೂವು ಬಂದಿತ್ತು" ಎಂದ.

ಹೆಂಡತಿ ಸೆರಗಿನಿಂದ ಅವನ ಮುಖದ ಎಣ್ಣೆ ಒರೆಸಿದಳು. "ಕಾಯಿಯಲ್ಲಿ ಬಂದಿತ್ತು ಕಣ್ರೀ" ಎಂದಳು. ಆಮೇಲೆ ಇಬ್ಬರೂ ಸೇರಿ ಅತ್ತರು.

ಕರಿಬಸಯ್ಯನವರು ಕತೆ ನಿಲ್ಲಿಸಿ ಮಡಿಲಲ್ಲಿದ್ದ ಸಿಪ್ಪೆಯನ್ನು ಕೊಡವಿಕೊಂಡರು. ಚನ್ನವೀರ ಸುಲಿಯುವುದನ್ನು ಯಾವಾಗಲೋ ಮರೆತಿದ್ದ. ಅವನ ಕೈಯಲ್ಲಿ ಒಂದೇ ಅವರೆಕಾಯಿ ಇತ್ತು. ಘಾಟಿಯ ಎರಡನೆಯ ತಿರುವು ಅವನಿಗೂ ಕಂಡಿತ್ತು.

"ಆಮೇಲೆ ಅವನು ಪೂಜೆ ಬಿಟ್ಟನೇ, ಬುದ್ಧಿ?"

"ಯಾಕೆ ಬಿಡುತ್ತಾನೆ? ಈಗಲೂ ಮಾಡುತ್ತಾನೆ. ಬಿಚ್ಚಿ, ನೋಡಿ, ಎಣ್ಣೆ ಹಾಕಿ, ಬಿಗಿದು, ಆಮೇಲೆ ಕುಂಕುಮ ಇಡುತ್ತಾನೆ. ನಾಲ್ಕಕ್ಕೂ ಇಡುತ್ತಾನೆ."

ಚನ್ನವೀರನ ಮುಖ ತಿಳಿಯಾಯಿತು. "ಅರ್ಥವಾಯಿತು ಬುದ್ಧಿ" ಎಂದ. "ಅಣ್ಣನ ಮನಸ್ಸಿಗೆ ತುಕ್ಕು ಹಿಡಿದಿದೆ. ಬಲ ಹಾಕಬಾರದು, ಆಣೆ ಮಾಡಬಾರದು. ನಾನೇ ತಾಳ್ಮೆಯಿಂದ ಎಣ್ಣೆ ಬಿಡುತ್ತಾ ಇರಬೇಕು. ಬರುವ ಸೋಮವಾರವೂ ಹೋಗುತ್ತೇನೆ. ಅವರು ಎಷ್ಟು ಪಾದ ಎಳೆದುಕೊಂಡರೂ ಬಿಡದೆ ಬೀಳುತ್ತೇನೆ."

"ನಿನ್ನ ತಲೆ!" ಎಂದರು ಗುರುಗಳು.

ಗುರುಗಳಿಗೆ ಸಿಟ್ಟು ಬಂದದ್ದು ಯಾಕೆಂದು ಚನ್ನವೀರನಿಗೆ ತಿಳಿಯಲಿಲ್ಲ. ತಪ್ಪಾಗಿದ್ದರೆ ಕ್ಷಮೆ ಇರಲಿ ಎಂದು ಎದ್ದು, ಕಣ್ಣು ಮುಚ್ಚಿಕೊಂಡು ಅವರ ಕಾಲಿಗೆ ಬಗ್ಗಿದ. ಗುರುಗಳು ಪಾದವನ್ನು ಕಾವಿಯೊಳಗೆ ಸರಕ್ಕನೆ ಎಳೆದುಕೊಂಡರು. ಅವನ ಕೈ ಬರಿಯ ನೆಲಕ್ಕೆ ತಾಗಿತು. ಅವನು ಗಾಬರಿಯಿಂದ ಕಣ್ಣು ಬಿಟ್ಟ.

"ಗುಡ್ಡ ಹತ್ತುವುದನ್ನು ಬಿಟ್ಟಿದ್ದಾನೆ, ಕೂತಲ್ಲಿಂದ ಏಳುವುದಿಲ್ಲ, ಮುಟ್ಟಲು ಹೋದರೆ ಕಾಲು ಎಳೆದುಕೊಳ್ಳುತ್ತಾನೆ ಅಂದೆಯಲ್ಲ ಚನ್ನವೀರ, ವಾರವಾರ ಕಣ್ಣಿಗೊತ್ತಿಕೊಂಡ ಆ ಪಾದದಲ್ಲಿ ಗಾಯ ಏನಾದರೂ ಇದೆಯಾ ಅಂತ ಒಂದು ದಿನವಾದರೂ ಕಣ್ಣು ಬಿಟ್ಟು ನೋಡಿದೆಯಾ?"

ಚನ್ನವೀರನ ಕೈ ನೆಲದ ಮೇಲೆಯೇ ಉಳಿಯಿತು.